ಅತ್ತೆ ಥ್ರೋಬಾಲ್ ಆಡಿದ ಮಳೆಗಾಲ

ಹೋದ ವಾರ ಸಂಡೂರಿನಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ನೋವಿನ ಮುಲಾಮಿನ ಟ್ಯೂಬು ತೆಗೆದು ಮೊಣಕಾಲಿಗೆ ತಿಕ್ಕಿಕೊಳ್ಳತೊಡಗಿದರು. ಹೊರಗೆ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಆ ಖಾರದ ವಾಸನೆ ಬಸ್ಸಿನ ತುಂಬ ಹರಡಿತು. ಪಕ್ಕದವರು ಮೂಗಿಗೆ ಸೆರಗು ಹಿಡಿದರೆ ನಾನೊಬ್ಬಳೇ ನಗುತ್ತ ಕೂತಿದ್ದೆ. ನಮ್ಮ ಚರ್ಚಿನ ಸಭೆಯ ಹೆಂಗಸರು ಥ್ರೋಬಾಲ್ ಕಲಿತ ಮಳೆಗಾಲದಲ್ಲಿ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಹೋದರೆ ಇದೇ ವಾಸನೆ. ಹಿಂದಿನ ಸಂಜೆ ಯಾರು ಯಾರು ಆಡಿದ್ದಾರೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಆಗ ನನಗೆ ಮದುವೆಯಾಗಿ ಕೆಲವೇ ವರ್ಷಗಳಾಗಿದ್ದವು. ಪಾಪಿನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದೆ. ಮನೆ ಹೊಸಪೇಟೆಯಲ್ಲಿ, ಸಭೆಯ ಕಾಂಪೌಂಡಿನ ಹಿಂದಿನ ಬೀದಿ. ಮನೆಯಲ್ಲಿ ನಾನು, ಗಂಡ ಪ್ರಕಾಶ ಮತ್ತು ಅತ್ತೆ ಸುಂದರಮ್ಮ, ಇಷ್ಟೇ ಜನ.

ಆ ವರ್ಷ ಸಭೆಗೆ ಹೊಸ ಅಯ್ಯನವರು ಬಂದಿದ್ದರು. ಸಭಾಪಾಲಕರನ್ನು ನಾವು ಕರೆಯುವುದೇ ಹಾಗೆ, ವಯಸ್ಸು ಎಷ್ಟೇ ಇರಲಿ. ಇವರಂತೂ ತೀರ ಚಿಕ್ಕವರು. ಜೂನ್ ತಿಂಗಳ ಒಂದು ಭಾನುವಾರ ಪ್ರಸಂಗ ಮುಗಿಸಿ ಪ್ರಕಟಣೆ ಓದುವಾಗ, ದೀಪಾವಳಿ ಕಳೆದ ಮೇಲೆ ಕಂಪ್ಲಿಯಲ್ಲಿ ನಡೆಯುವ ಸ್ತ್ರೀಯರ ಕೂಟದಲ್ಲಿ ಈ ಸಲ ಹಾಡು ಮತ್ತು ಕಂಠಪಾಠದ ಜೊತೆ ಥ್ರೋಬಾಲ್ ಪಂದ್ಯವೂ ಇದೆ, ಹೊಸಪೇಟೆಯಿಂದ ಒಂದು ತಂಡ ಹೋಗಬೇಕು ಎಂದರು. ಗಂಡಸರ ಕಡೆಯಿಂದ ನಗು ಕೇಳಿಸಿತು. ಹೆಂಗಸರ ಕಡೆಯಿಂದ ಅದಕ್ಕಿಂತ ದೊಡ್ಡ ನಗು. ಅಯ್ಯನವರು ನಗಲಿಲ್ಲ. ಆತ್ಮ ಕೊಟ್ಟವನೇ ಮೈಯನ್ನೂ ಕೊಟ್ಟಿದ್ದಾನೆ, ಒಂದನ್ನು ದಿನಾ ತೊಳೆದು ಇನ್ನೊಂದನ್ನು ಧೂಳಿನಲ್ಲಿ ಬಿಟ್ಟರೆ ಕೊಟ್ಟವನಿಗೆ ಏನು ಹೇಳುತ್ತೀರಿ ಎಂದು ಕೇಳಿ, ನೇರ ನನ್ನ ಕಡೆ ನೋಡಿದರು. ಇಡೀ ಸಭೆ ತಿರುಗಿ ನೋಡಿತು. ನನಗೆ ಖುಷಿಯೋ ಖುಷಿ. ಶಾಲೆಯ ಹುಡುಗಿಯರಿಗೆ ಆಟ ಕಲಿಸಿದ್ದೆನೇ ಹೊರತು, ಮನೆ ಮಕ್ಕಳು ಅಂತ ಸವೆದ ಹೆಂಗಸರ ಕೈಗೆ ಬಾಲು ಕೊಡುವ ಅವಕಾಶ ಯಾವತ್ತು ಸಿಕ್ಕಿತ್ತು?

ಅತ್ತೆಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರು ಸ್ತ್ರೀ ಸಭೆಯ ಮುಖಂಡರು. ಹುಟ್ಟೂರು ಎಮ್ಮಿಗನೂರು. ಚಿಕ್ಕವರಿದ್ದಾಗ ಕಬ್ಬಿನ ಗದ್ದೆಯಲ್ಲಿ ದುಡಿದವರು, ಗಂಡ ತೀರಿಕೊಂಡ ಮೇಲೆ ಅಂಗನವಾಡಿಯಲ್ಲಿ ಕೆಲಸ ಮಾಡಿ ಮಗನನ್ನು ಬೆಳೆಸಿದವರು. ನಸುಕಿಗೆ ಎದ್ದು ಪ್ರಾರ್ಥನೆ, ಆಮೇಲೆ ಅಡುಗೆ. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಬಾಣಂತಿ ಎಂದು ತಿಳಿದುಕೊಂಡು ಬುತ್ತಿ ಕಟ್ಟಿಕೊಂಡು ಹೊರಡುವುದು. ಶುಕ್ರವಾರ ಪೂರ್ತಿ ಉಪವಾಸ. ಉಳಿದ ದಿನ ಎಲ್ಲರದೂ ಆದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ಎರಡು ತುತ್ತು. ಸುಂದರಮ್ಮ ತನ್ನ ಮೈಯ ಚಿಂತೆ ಮಾಡದ ದೇವರ ಮಗಳು ಎಂದು ಸಭೆಯೆಲ್ಲ ಹೊಗಳುತ್ತಿತ್ತು. ನನಗೂ ಅದು ಹೆಮ್ಮೆಯ ಮಾತೇ ಆಗಿತ್ತು.

ಮಂದಿ ಮುಂದೆ ಸೀರೆ ಎತ್ತಿ ಕಟ್ಟಿ ಓಡುವುದು ಸಭೆಯ ಕೆಲಸವೇ, ಆ ಹೊತ್ತಿನಲ್ಲಿ ಯಾರದಾದರೂ ಮನೆಗೆ ಹೋಗಿ ಪ್ರಾರ್ಥನೆ ಮಾಡಬಾರದೇ ಎಂದು ಅತ್ತೆ ನನ್ನನ್ನು ಕೇಳಿದರು. ನಾನು ವಾದಕ್ಕೆ ಇಳಿಯಲಿಲ್ಲ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಶಾಲೆಯ ಹಳೇ ಬಲೆ ತಂದು ಕಾಂಪೌಂಡಿನ ಬೇವಿನ ಮರಕ್ಕೂ ಎದುರಿನ ಕಂಬಕ್ಕೂ ಬಿಗಿದೆ.

ಮಳೆ ಹಿಡಿದ ದಿನಗಳವು. ವರ್ಷವೆಲ್ಲ ಅದಿರು ಲಾರಿಗಳ ಕೆಂಪು ಧೂಳು ಹೊತ್ತುಕೊಂಡಿದ್ದ ಬೇವಿನ ಎಲೆ ತೊಳೆದು ಹಸಿರಾಗಿತ್ತು. ಸಂಜೆ ನಾನು ಸುಣ್ಣದಿಂದ ಗೆರೆ ಹಾಕುವುದು, ಮಳೆ ಬಂದು ಅಳಿಸುವುದು. ಮೊದಲ ದಿನ ಬಂದವರು ನಾಲ್ಕೇ ಜನ. ಅವರಲ್ಲಿ ಬಸ್ ಕಂಡಕ್ಟರ್ ಕರುಣಕ್ಕ ಒಬ್ಬರಿದ್ದದ್ದೇ ಸಾಕಾಯಿತು. ಅವರ ದನಿ ಕೇಳಿ ಅಕ್ಕಪಕ್ಕದ ಬೀದಿಯ ಹೆಂಗಸರು ಗೇಟಿನ ಹತ್ತಿರ ಬಂದು ನಿಂತರು, ಆಮೇಲೆ ಒಳಗೆ ಬಂದರು, ಆಮೇಲೆ ಸೆರಗು ಸಿಕ್ಕಿಸಿದರು. ಥ್ರೋಬಾಲಿನಲ್ಲಿ ಬಾಲನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಕೈಯಲ್ಲಿ ಎಸೆಯಬೇಕು, ಮೈಗೆ ತಾಗಬಾರದು. ಇವರೋ ಬಾಲು ಬಂದರೆ ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು ನಿಂತುಬಿಡುತ್ತಿದ್ದರು. ಟೈಲರ್ ರೂತಮ್ಮ ಹಿಡಿದ ಬಾಲನ್ನು ಎಸೆಯಲು ಮನಸ್ಸಿಲ್ಲದೆ, ಎದುರಿನವರಿಗೆ ಹೋಗಿ ಕೈಗೇ ಕೊಟ್ಟು ಬಂದರು. ನಕ್ಕು ನಕ್ಕು ಎಲ್ಲರ ಹೊಟ್ಟೆ ಹಿಡಿದುಕೊಂಡಿತು. ಮದುವೆಯಾದ ಮೇಲೆ ಇಷ್ಟು ಜೋರಾಗಿ ಉಸಿರಾಡಿದ್ದೇ ಇಲ್ಲ ಎಂದು ಒಬ್ಬರು ಹೇಳಿದ್ದು ಇನ್ನೂ ನೆನಪಿದೆ.

ಅತ್ತೆ ಒಂದು ಸಂಜೆ ಮನೆಯ ಬೀಗದಕೈ ಕೇಳಲು ಬಂದರು. ಅದೇ ಹೊತ್ತಿಗೆ ಬಾಲು ಅವರ ಕಾಲ ಹತ್ತಿರ ಉರುಳಿತು. ಎತ್ತಿ ಕೊಡಿ ಎಂದು ಕರುಣಕ್ಕ ಕೂಗಿದರು. ಅತ್ತೆ ಬಾಲನ್ನು ಎತ್ತಿ, ಒಂದು ಸಲ ತೂಗಿ ನೋಡಿ, ಕೈ ಬೀಸಿದರು. ಬಾಲು ನಮ್ಮ ತಲೆಯ ಮೇಲೆ, ಬಲೆಯ ಮೇಲೆ ಹಾರಿ, ಬೇವಿನ ಟೊಂಗೆಗೆ ತಾಗಿ ಆಚೆ ಗೋಡೆಗೆ ಬಡಿಯಿತು. ಗಾಡಿಯ ಮೇಲೆ ನಿಂತವರಿಗೆ ಕಬ್ಬಿನ ಹೊರೆ ಎಸೆಯುತ್ತಿದ್ದ ಕೈ ಇದು ಎಂದು ಅತ್ತೆಯೇ ನಾಚಿಕೊಂಡು ವಿವರಣೆ ಕೊಟ್ಟರು. ಮರುದಿನವೂ ಏನೋ ನೆಪ ಮಾಡಿಕೊಂಡು ಬಂದರು. ಮೂರನೆಯ ದಿನ ನೆಪ ಇರಲಿಲ್ಲ.

ಜುಲೈ ಪೂರ್ತಿ ಹಬ್ಬದಂತೆ ಕಳೆಯಿತು. ಅತ್ತೆ ಸರ್ವಿಸ್ ಮಾಡುತ್ತಾರೆಂದರೆ ಗೇಟಿನ ಹೊರಗೆ ಮಂದಿ ನಿಲ್ಲುತ್ತಿದ್ದರು. ಮನೆಗೆ ಬಂದ ಮೇಲೂ ಅದೇ ಮಾತು, ಯಾರ ಕೈಯಿಂದ ಬಾಲು ಜಾರಿತು, ಯಾರನ್ನು ಹಿಂದೆ ನಿಲ್ಲಿಸಬೇಕು. ಪ್ರಕಾಶ ಅಮ್ಮನ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಅವಳು ಹೀಗೆ ನಗುವುದನ್ನು ತಾನು ಚಿಕ್ಕಂದಿನಲ್ಲೂ ಕಂಡಿಲ್ಲ ಎಂದ.

ಆಗಸ್ಟಿನ ಒಂದು ಸಂಜೆ, ಕೂಟಕ್ಕೆ ಮೊದಲಿನ ಆಟದ ನಡುವೆ ಅತ್ತೆ ಹಾಗೆಯೇ ನೆಲಕ್ಕೆ ಕೂತರು. ತುಟಿ ಬಿಳಿಚಿಕೊಂಡಿತ್ತು, ಬೆರಳು ತಣ್ಣಗಿದ್ದವು. ಶುಕ್ರವಾರವಾದ್ದರಿಂದ ಉಪವಾಸದ ಸುಸ್ತು ಎಂದರು. ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಹೆಣ್ಣುಮಕ್ಕಳ ಪಿ.ಟಿ. ಟೀಚರಿಗೆ ಒಂದು ಗೊತ್ತಿರುತ್ತದೆ, ಆಟದ ಪೀರಿಯಡ್ಡಿನಲ್ಲಿ ಬದಿಗೆ ಕೂರುವ ಹುಡುಗಿ ಹೇಳುವ ಕಾರಣ ಬೇರೆ, ನಿಜವಾದ ಕಾರಣ ಬೇರೆ. ಅತ್ತೆ ತಿಂಗಳುಗಳಿಂದ ತಮ್ಮ ಬಟ್ಟೆಯನ್ನು ನಾವು ಏಳುವ ಮುಂಚೆ ತಾವೇ ಒಗೆದು, ಹಿತ್ತಲಲ್ಲಿ ಹರವದೆ ಟ್ರಂಕಿನ ಹಿಂದೆ ಒಣಗಿಸುತ್ತಿದ್ದದ್ದು ಆಗ ತಲೆಗೆ ಹೊಳೆಯಿತು.

ಭಾನುವಾರ ಮಧ್ಯಾಹ್ನ, ಪ್ರಕಾಶ ಹೊರಗೆ ಹೋಗಿದ್ದಾಗ ಬಟ್ಟೆ ಮಡಚುತ್ತ ಕೂತಿದ್ದ ಅವರ ಪಕ್ಕ ಕೂತೆ.

"ಅತ್ತಿ, ಎಷ್ಟು ದಿನದಿಂದ ಹಿಂಗ ರಕ್ತ ಹೋಗಾಕತ್ತೈತ್ರಿ?" ಎಂದು ಕೇಳಿದೆ.

ಅವರು ಮುಖ ಎತ್ತಲಿಲ್ಲ. "ಕ್ರಿಸ್‌ಮಸ್ ಮುಂದಿಂದ," ಎಂದರು.

ಯಾರಿಗೂ ಯಾಕೆ ಹೇಳಲಿಲ್ಲ ಎಂದೆ.

"ಇದು ಹೇಳ್ಕೊಳ್ಳೋ ಮಾತೇನವಾ? ವಯಸ್ಸಾದಂಗ ತಾನಾ ನಿಲ್ತೈತಿ ಅಂತ ಸುಮ್ನಾದೆ. ನಮ್ಗೋಸ್ಕರ ಕರ್ತ ಮೈ ಮ್ಯಾಲೆ ಎಷ್ಟು ತಗೊಂಡ. ನನ್ಗ ಇಷ್ಟು ತಡ್ಕೊಳ್ಳಾಕ ಆಗಲ್ಲೇನು?"

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಅವರ ಭಕ್ತಿಯ ಮುಂದೆ ಮಾತಾಡಲು ನಾನು ಯಾರು? ಆದರೆ ಸುವಾರ್ತೆಯಲ್ಲಿ ಬರುವ, ವರ್ಷಗಟ್ಟಲೆ ಇದೇ ನೋವು ಉಂಡು, ಕರ್ತನ ಉಡುಪಿನ ಅಂಚು ಮುಟ್ಟಿ ವಾಸಿಯಾದ ಹೆಂಗಸಿನ ಕಥೆಯನ್ನು ಅತ್ತೆಯೇ ಸಂಡೇ ಸ್ಕೂಲಿನ ಮಕ್ಕಳಿಗೆ ಕಣ್ಣಿಗೆ ಕಟ್ಟುವಂತೆ ಹೇಳುವುದನ್ನು ಕೇಳಿದ್ದೆ. ಬಾಯಿಗೆ ಅದೇ ಬಂತು.

"ಆ ಹೆಣ್ಮಗಳು ಮನ್ಯಾಗ ಕುಂತು ತಡ್ಕೊಳ್ಳಿಲ್ರೀ ಅತ್ತಿ. ಅಷ್ಟು ಮಂದ್ಯಾಗ ನುಗ್ಗಿ ಹೋದ್ಲು. ಕರ್ತ ಆಕಿನ್ನ ಬೈಲಿಲ್ಲ."

ಅತ್ತೆ ಉಳಿದ ಬಟ್ಟೆ ಮಡಚಿ ಎದ್ದು ಹೋದರು. ರಾತ್ರಿ ಊಟದಲ್ಲೂ ಮಾತಿಲ್ಲ. ಅತಿಯಾಯಿತೇನೋ ಎಂದು ನಾನು ಒಳಗೊಳಗೇ ಹೆದರಿದೆ. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸ್ನಾನ ಮುಗಿಸಿ, ಸೋಮವಾರವಾದರೂ ಭಾನುವಾರದ ಸೀರೆ ಉಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಸ್ಪತ್ರೆಗೆ ಲೇಡಿ ಡಾಕ್ಟರು ಎಷ್ಟೊತ್ತಿಗೆ ಬರುತ್ತಾರೆ ಎಂದು ಕೇಳಿದರು.

ಸ್ಕ್ಯಾನಿನಲ್ಲಿ ಗರ್ಭಕೋಶದ ತುಂಬ ಗಡ್ಡೆಗಳು ಕಂಡವು. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಇಷ್ಟೇ ರಕ್ತ ಇಟ್ಟುಕೊಂಡು ನಡೆದಾಡುವುದೇ ಕಷ್ಟ, ಇವರು ಬಾಲು ಆಡಿದರೇ ಎಂದು ನನ್ನನ್ನೇ ದುರುಗುಟ್ಟಿ ನೋಡಿದರು. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಹೃದಯಕ್ಕೇ ಪೆಟ್ಟು ಬೀಳುತ್ತಿತ್ತು. ಗರ್ಭಕೋಶ ತೆಗೆಯಲೇಬೇಕು, ಆದರೆ ಅದಕ್ಕೆ ಮೊದಲು ರಕ್ತ ಏರಿಸಬೇಕು, ಮಾತ್ರೆ ನುಂಗಬೇಕು, ಚೆನ್ನಾಗಿ ಉಣ್ಣಬೇಕು. ಆಟ ಬಂದ್. ಉಪವಾಸ ಬಂದ್.

ಆಪರೇಷನ್ನಿಗೆ ಅತ್ತೆ ಒಪ್ಪಿದರು. ಉಪವಾಸ ಬಿಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಗಂಡ ತೀರಿಕೊಂಡಂದಿನಿಂದ ತಪ್ಪಿಸಿಲ್ಲ, ಈಗ ಹೊಟ್ಟೆ ತುಂಬಿಸಿಕೊಂಡು ಕರ್ತನ ಮುಂದೆ ಹೇಗೆ ಮಂಡಿಯೂರಲಿ ಎಂದು ಅತ್ತುಬಿಟ್ಟರು. ನಾನು ಅಯ್ಯನವರನ್ನು ಕರೆದುಕೊಂಡು ಬಂದೆ. ಅವರು ಪ್ರಸಂಗ ಮಾಡಲಿಲ್ಲ. ಹಳೇ ಕಾಲದ ಒಬ್ಬ ಪ್ರವಾದಿ ಸಾಕಾಗಿ ಹೋಗಿ, ಸಾಯುತ್ತೇನೆಂದು ಗಿಡದ ಕೆಳಗೆ ಮಲಗಿದಾಗ ಬಂದ ದೇವದೂತ ಮೊದಲು ಏನು ಮಾಡಿದ ಎಂದು ಅತ್ತೆಯನ್ನೇ ಕೇಳಿದರು. ರೊಟ್ಟಿ ಕೊಟ್ಟ ಎಂದು ಅತ್ತೆ ಸಣ್ಣ ದನಿಯಲ್ಲಿ ಹೇಳಿದರು. ಆಮೇಲೆ? ಮಲಗಿಸಿದ. ಆಮೇಲೆ? ಎಬ್ಬಿಸಿ ಮತ್ತೆ ರೊಟ್ಟಿ ಕೊಟ್ಟ. ಅಯ್ಯನವರು ಎದ್ದು ನಿಂತು, ಸಾಯಂಕಾಲ ತಮ್ಮ ಮನೆಯಿಂದ ಊಟ ಬರುತ್ತದೆ ಎಂದಷ್ಟೇ ಹೇಳಿ ಹೋದರು. ಅವರ ಹೆಂಡತಿ, ನಾವು ಅಮ್ಮನವರೆನ್ನುವ ನಾಚಿಕೆ ಸ್ವಭಾವದ ಹುಡುಗಿ, ಸಜ್ಜೆ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ತಂದರು. ಅದು ಶುಕ್ರವಾರವೇ ಆಗಿತ್ತು. ಅತ್ತೆ ಉಂಡರು.

ರಕ್ತ ಕೊಟ್ಟವರಲ್ಲಿ ಅಯ್ಯನವರೂ ಒಬ್ಬರು, ಅವರದೂ ಅತ್ತೆಯದೂ ಒಂದೇ ಗುಂಪು. ಇನ್ನು ಮುಂದೆ ತಾನೂ ಪ್ರಸಂಗ ಮಾಡಬಹುದು ಎಂದು ಅತ್ತೆ ಮಂಚದ ಮೇಲಿಂದಲೇ ಚೇಷ್ಟೆ ಮಾಡಿದಾಗ ನನಗೆ ಜೀವ ಬಂದಂತಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಅವರನ್ನು ನಮ್ಮ ಜೊತೆ ಕೂರಿಸಿ ಉಣಿಸುವುದು. ಪ್ರಕಾಶ ನೀರು ಕೇಳಿದರೆ ಸಾಕು, ಏಳಲು ಕಾಲು ಎತ್ತುತ್ತಿದ್ದರು. ನಾವು ಇಬ್ಬರೂ ಎರಡು ಬದಿ ಕೂತು ಅವರ ಸೀರೆಯ ಅಂಚನ್ನು ಒತ್ತಿ ಹಿಡಿಯುತ್ತಿದ್ದೆವು.

ಸೆಪ್ಟೆಂಬರಿನ ಒಂದು ಶುಕ್ರವಾರ ಅತ್ತೆ ಕೂಟಕ್ಕೆ ಬಂದರು. ನಮ್ಮ ಕೂಟದಲ್ಲಿ ಪ್ರಾರ್ಥನಾ ವಿಷಯ ಹೇಳುವಾಗ ಮಗನ ಕೆಲಸ, ಮಗಳ ಮದುವೆ, ಗಂಡನ ಕುಡಿತ, ಇವೇ ಬರುತ್ತಿದ್ದವು. ತನ್ನ ಮೈಗಾಗಿ ಪ್ರಾರ್ಥಿಸಿರೆಂದು ಯಾವ ಹೆಂಗಸೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನನ್ನ ಗರ್ಭಕೋಶಕ್ಕ ಪ್ರಾರ್ಥನಿ ಮಾಡ್ರಿ," ಎಂದರು. "ಭಾಳ ದಿನ ಮುಚ್ಚಿಟ್ಟಿದ್ದೆ. ಇನ್ಮ್ಯಾಲೆ ಮುಚ್ಚಿಡಂಗಿಲ್ಲ. ನೀವೂ ಮುಚ್ಚಿಡಬ್ಯಾಡ್ರಿ."

ಮೊದಲು ಕರುಣಕ್ಕ ಎದ್ದರು. ಡ್ಯೂಟಿಯಲ್ಲಿ ಎಲ್ಲೂ ಇಳಿಯಲಾಗದೆ ಮೂತ್ರ ತಡೆದು ತಡೆದು ಉರಿಯಾಗಿದೆ, ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದರು. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ, ಅದಕ್ಕೇ ಆಟದಲ್ಲಿ ಓಡುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಅದಕ್ಕೆ ಹಿಂದಿನ ಸಾಲಿನಿಂದ ಮೂವರು, ತಮಗೂ ಹಾಗೇ ಎಂದರು. ರೂತಮ್ಮ ಕೂತಲ್ಲೇ ತಲೆ ಬಗ್ಗಿಸಿ, ಎದೆಯಲ್ಲಿ ಒಂದು ಗಂಟು ಇದೆ ಎಂದರು. ಕರುಣಕ್ಕ ಹೋಗಿ ಅವರ ಕೈ ಹಿಡಿದುಕೊಂಡರು. ಅಳುವವರು ಅತ್ತರು, ನಡುನಡುವೆ ನಗುವೂ ಬಂತು. ಕತ್ತಲಾದರೂ ಯಾರೂ ಏಳಲೊಲ್ಲರು. ಆ ದಿನದ ಪ್ರಾರ್ಥನೆಯಂಥ ಪ್ರಾರ್ಥನೆಯನ್ನು ನಾನು ಮತ್ತೆ ಕೇಳಿಲ್ಲ.

ಮುಂದಿನ ವಾರ ಒಂದು ಟೆಂಪೊ ಮಾಡಿಕೊಂಡು ಹೆಂಗಸರೆಲ್ಲ ತಪಾಸಣೆಗೆ ಹೊರಟೆವು. ಸಂಡೇ ಸ್ಕೂಲಿನ ಮಕ್ಕಳನ್ನು ಪಿಕ್ನಿಕ್ಕಿಗೆ ಕರೆದೊಯ್ಯುತ್ತಿದ್ದ ಅದೇ ಟೆಂಪೊ. ಆಸ್ಪತ್ರೆಯ ವರಾಂಡದಲ್ಲಿ ಜಾಗ ಸಾಲಲಿಲ್ಲ. ಒಬ್ಬರಿಗೆ ಶುಗರ್, ಇಬ್ಬರಿಗೆ ಬಿ.ಪಿ., ಕರುಣಕ್ಕನಿಗೆ ಸೋಂಕು. ರೂತಮ್ಮನ ಗಂಟಿನಿಂದ ತೆಗೆದು ಪರೀಕ್ಷೆಗೆ ಕೊಟ್ಟ ತುಣುಕಿನ ರಿಪೋರ್ಟು ಬರಲು ಕೆಲವು ದಿನ ಬೇಕಿತ್ತು. ಯಾರಿಗೂ ಮನೆಗೆ ಹೋಗುವ ಮನಸ್ಸಿಲ್ಲ. ಹೋಗೋಣ ನಡೀರಿ ಹಂಪಿಗೆ ಎಂದು ಕರುಣಕ್ಕ ಡ್ರೈವರನಿಗೆ ಆರ್ಡರ್ ಮಾಡಿದರು. ಹೊಳೆಯ ದಂಡೆಯ ಬಂಡೆಯ ಮೇಲೆ ಕೂತು ಚಿತ್ರಾನ್ನ, ಮಿರ್ಚಿ ತಿಂದೆವು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ರೂತಮ್ಮ ಎರಡು ಮಿರ್ಚಿ ಹೆಚ್ಚಿಗೆ ತಿಂದು, ಏನಾಗುತ್ತೋ ಆಗಲಿ, ಹೇಳಿಕೊಂಡ ಮೇಲೆ ನಿದ್ದೆ ಬರುತ್ತಿದೆ ಎಂದರು. ಆ ಗಂಟು ಕೆಟ್ಟದ್ದಲ್ಲ ಎಂದು ತಿಳಿದ ದಿನ ತಂಡಕ್ಕೆಲ್ಲ ಒಂದೇ ಬಣ್ಣದ ಟೀ ಶರ್ಟು ತಾನೇ ಹೊಲಿದು ಕೊಡುವುದಾಗಿ ಹೇಳಿದರು.

ದಸರೆಗೆ ಸ್ವಲ್ಪ ಮುಂಚೆ ಅತ್ತೆಯ ಆಪರೇಷನ್ ಆಯಿತು. ತಂಡವೆಲ್ಲ ಪ್ರಾಕ್ಟೀಸ್ ಮುಗಿಸಿ, ಸೀರೆಯ ಮೇಲೆ ನೀಲಿ ಟೀ ಶರ್ಟು ಹಾಕಿಕೊಂಡೇ ಬಂದು ಥಿಯೇಟರಿನ ಹೊರಗೆ ಸಾಲಾಗಿ ನಿಂತಿತು. ಯಾರು ನೀವೆಲ್ಲ ಎಂದು ನರ್ಸು ಕೇಳಿದ್ದಕ್ಕೆ ಕರುಣಕ್ಕ, ನಾವು ಟೀಮ್ ರೀ ಎಂದರು. ಕೂಸಿನ ತಲೆಯಷ್ಟು ದೊಡ್ಡ ಗಡ್ಡೆ ಹೊರಗೆ ಬಂತು. ಅತ್ತೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, ತನ್ನ ಜಾಗದಲ್ಲಿ ಯಾರು ಆಡುತ್ತಾರೆ ಎಂದು.

ಆಡಿದವರು ಅಮ್ಮನವರು. ನವೆಂಬರಿನಲ್ಲಿ ಕಂಪ್ಲಿಗೆ ಹೋಗುವ ದಾರಿಯುದ್ದಕ್ಕೂ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು, ನಡುವೆ ಕಬ್ಬು. ಡಾಕ್ಟರನ್ನು ಕೇಳಿ, ಹೊಟ್ಟೆಗೆ ದಿಂಬು ಆನಿಸಿಕೊಂಡು ಅತ್ತೆಯೂ ಮುಂದಿನ ಸೀಟಿನಲ್ಲಿ ಕೂತಿದ್ದರು. ಕಂಪ್ಲಿಯ ಮೈದಾನ ತುಂಬ ಹೆಂಗಸರು. ಮೊದಲ ಆಟದಲ್ಲಿ ಕಂಪ್ಲಿಯವರನ್ನೇ ಸೋಲಿಸಿದೆವು. ಫೈನಲ್ಲಿಗೆ ಬಂದವರು ಸಂಡೂರಿನವರು. ಅವರ ಕ್ಯಾಪ್ಟನ್ ಮಾರ್ಥಮ್ಮ, ವಡ್ಡು ಹಳ್ಳಿಯ ಹತ್ತಿರ ಫ್ಯಾಕ್ಟರಿ ಕೆಲಸದವರಿಗೆ ಮೆಸ್ಸು ನಡೆಸುವವರು, ಎತ್ತರದ ಗಟ್ಟಿ ಆಳು. ಅವರು ಎಸೆದ ಬಾಲು ಹಿಡಿದರೆ ಅಂಗೈ ಜುಮ್ಮೆನ್ನುತ್ತಿತ್ತು. ಆದರೂ ಮೊದಲ ಸೆಟ್ ನಮ್ಮದಾಯಿತು. ಕೊನೆಯ ಬಾಲನ್ನು ಅಮ್ಮನವರು ನೆಲಕ್ಕೆ ಬಿದ್ದು ಹಿಡಿದಾಗ ಗಡಿಗೆರೆಯ ಹೊರಗಿದ್ದ ಅಯ್ಯನವರು ಗಾಬರಿಯಾಗಿ ಒಳಗೆ ಓಡಿ ಬಂದು ಅಂಪೈರಿನ ಕೈಯಲ್ಲಿ ಬೈಸಿಕೊಂಡರು. ಕೂಗಬಾರದೆಂದು ಅತ್ತೆಗೆ ಎಷ್ಟು ಹೇಳಿದ್ದರೂ, ದಿಂಬು ಒತ್ತಿ ಹಿಡಿದು ಕೂಗಿಯೇ ಕೂಗಿದರು. ಎರಡನೆಯ ಸೆಟ್ ಅವರದು. ಮೂರನೆಯದರಲ್ಲಿ ಸಮ ಸಮ ಬಂದು, ಕೊನೆಗೆ ಮಾರ್ಥಮ್ಮನ ಒಂದು ಎಸೆತ ಕರುಣಕ್ಕನ ಬೆರಳ ತುದಿಯಿಂದ ಜಾರಿತು. ಸೋತೆವು. ಸೋತವರಂತೆ ಯಾರೂ ಇರಲಿಲ್ಲ, ಬಲೆಯ ಕೆಳಗೆ ನುಗ್ಗಿ ಹೋಗಿ ಸಂಡೂರಿನವರನ್ನು ತಬ್ಬಿಕೊಂಡೆವು.

ಊಟವಾಗಿ ಟೆಂಪೊ ಹತ್ತುವ ಹೊತ್ತಿಗೆ ಮಾರ್ಥಮ್ಮ ಕಪ್ಪನ್ನು ಬೇರೆಯವರ ಕೈಗೆ ಕೊಟ್ಟು ಒಬ್ಬರೇ ನಮ್ಮ ಕಡೆ ಬಂದರು. ನನ್ನನ್ನು ದಾಟಿ ಅತ್ತೆಯ ಕುರ್ಚಿಯ ಹತ್ತಿರ ಮೊಣಕಾಲೂರಿ ಕೂತು, ಹೊಟ್ಟೆಯ ಮೇಲಿನ ದಿಂಬನ್ನು ನೋಡಿದರು. ನಿಮ್ಮ ಆಪರೇಷನ್ ವಿಷಯ ಊಟದ ಸಾಲಿನಲ್ಲಿ ಕೇಳಿದೆ, ಯಾವ ಡಾಕ್ಟರಮ್ಮ ಎಂದು ಬಹಳ ಮೆಲ್ಲಗೆ ಕೇಳಿದರು. ಅತ್ತೆ ಅವರ ಭುಜ ಹಿಡಿದು ಎದ್ದು, ಇಬ್ಬರೂ ಹುಣಸೆಮರದ ಆಚೆ ಹೋಗಿ ಕೂತರು. ಡ್ರೈವರ್ ಹಾರ್ನ್ ಹೊಡೆದ. ಕರುಣಕ್ಕ ಕಿಟಕಿಯಿಂದ ಕೈ ಚಾಚಿ ಅವನನ್ನು ಸುಮ್ಮನಿರಿಸಿದರು.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೋಗಲು ಬಸ್ ಸ್ಟ್ಯಾಂಡಿಗೆ ಬಂದರೆ, ನನಗಿಂತ ಮುಂಚೆ ಅತ್ತೆ ಅಲ್ಲಿ ನಿಂತಿದ್ದರು. ಸಂಡೂರಿನ ಮೊದಲ ಬಸ್ಸು ಬಂದು ನಿಂತಿತು. ಮಾರ್ಥಮ್ಮ ಇಳಿದರು. ಅವರ ಹಿಂದೆ, ತಂಡದ ಇನ್ನೂ ಇಬ್ಬರು.